ಡೀಸೆಲ್ ತಟ್ಟೆಯಲ್ಲಿ ಕೂತವರ ಹೇಳಿಕೆ

ಬೈಕಿನ ಹ್ಯಾಂಡಲ್ ಸ್ಪೀಡಿನಲ್ಲಿ ನಡುಗುತ್ತದೆ ಎಂದು ಹೇಳಿಕೊಂಡು ಗ್ಯಾರೇಜಿಗೆ ಹೋದರೆ, ಬೈಕನ್ನು ಸ್ಟ್ಯಾಂಡಿಗೆ ಹಾಕುವ ಮುಂಚೆಯೇ ತೀರ್ಪು ಬಂದಿರುತ್ತದೆ: ‘ಕೋನ್ ಸೆಟ್ ಹೋಗಿದೆ ಸಾರ್.’ ಹ್ಯಾಂಡಲ್ ಹೊತ್ತ ಕಂಬ ಚಾಸಿಯ ಕೊರಳಿನೊಳಗೆ ತಿರುಗಬೇಕಲ್ಲ, ಅಲ್ಲಿ ಮೇಲೊಂದು ಕೆಳಗೊಂದು ಬಟ್ಟಲು, ಬಟ್ಟಲ ತುಂಬ ಗ್ರೀಸು, ಗ್ರೀಸಿನಲ್ಲಿ ಗುಂಡುಗಳ ಸಾಲು. ಇಷ್ಟೇ ಇವರ ಸಂಸಾರ. ಆರೋಪಿಯ ಮಾತನ್ನೂ ಒಮ್ಮೆ ಕೇಳೋಣವೆಂದು, ಆಗತಾನೇ ಕಳಚಿಟ್ಟಿದ್ದ ಕೆಳಗಿನ ಕೋನ್ ಅವರನ್ನು ಡೀಸೆಲ್ ತಟ್ಟೆಯಲ್ಲೇ ಸಂದರ್ಶಿಸಲಾಯಿತು. ಪಕ್ಕದಲ್ಲಿ ಹುಡುಗನೊಬ್ಬ ಅವರ ಜಾಗಕ್ಕೆ ಹೊಸಬರನ್ನು ಕೂರಿಸುತ್ತಿದ್ದ.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಕೋನ್: ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಎಬ್ಬಿಸಿದ್ದಾರೆ, ಹೇಗಿರಲಿ? ನನ್ನನ್ನು ಬಿಗಿ ಮಾಡೋ ನಟ್ಟಿಗೆ ಅಂತಲೇ ಒಂದು ಕೊಕ್ಕೆ ಸ್ಪ್ಯಾನರ್ ಇದೆ. ಇಷ್ಟು ಬಲದಲ್ಲಿ ಬಿಗಿ ಮಾಡಿ ಅಂತ ಕಂಪನಿಯವರು ಪುಸ್ತಕದಲ್ಲಿ ಬರೆದೂ ಇದ್ದಾರೆ. ಇಲ್ಲಿ ಆ ಸ್ಪ್ಯಾನರ್ ಗೋಡೆ ಮೇಲೆ ಗಣಪತಿ ಫೋಟೋ ಪಕ್ಕ ನೇತಾಡ್ತಿದೆ. ಎರಡಕ್ಕೂ ಕೈ ಮುಗಿದು ಉಳಿ ಎತ್ಕೋತಾರೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ತುಮಕೂರು ದಾಟಿ ಸಿರಾ ಕಡೆಗೆ ಹೋಗುವಾಗ, ನೂರರ ಆಸುಪಾಸಿನಲ್ಲಿ, ಹ್ಯಾಂಡಲ್ ನಡುಗಿತು. ನಡುಗಿಸಿದವರು ನೀವೇ ತಾನೆ?

ಕೋನ್: ಮೊದಲು ಒಂದು ಲೆಕ್ಕ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಕ್ಕೆ 80 ಕಿಲೋಮೀಟರ್ ಮಿತಿ. ನೂರರಲ್ಲಿ ನೀವು ಏನು ಮಾಡ್ತಿದ್ರಿ?

ಪ್ರಶ್ನೆ: ಪ್ರಶ್ನೆ ಕೇಳುವವನು ನಾನು.

ಕೋನ್: ಸರಿ. ಹಾಗಾದ್ರೆ ಹೇಗೆ ನಡುಗಿತು ಹೇಳಿ. ಡಾಕ್ಟರ ಹತ್ತಿರ ಹೋದ್ರೂ ‘ನೋವು’ ಅಂದ್ರೆ ಸಾಲಲ್ಲ, ಎಲ್ಲಿ, ಯಾವಾಗ, ಹೇಗೆ ಅಂತ ಹೇಳಬೇಕಾಗುತ್ತೆ. ಹ್ಯಾಂಡಲ್ ಮಾತ್ರ ಪಟಪಟ ಅಂತ ಎಡಕ್ಕೂ ಬಲಕ್ಕೂ ಹೊಡ್ಕೊಂಡಿತೋ, ಅಥವಾ ಇಡೀ ಗಾಡಿ, ನೀವೂ ನಿಮ್ಮ ಬ್ಯಾಗೂ ಸೇರಿ, ನಿಧಾನಕ್ಕೆ ಸೊಂಟ ತಿರುಗಿಸಿತೋ?

ಪ್ರಶ್ನೆ: ಎರಡಕ್ಕೂ ವ್ಯತ್ಯಾಸ ಇದೆಯೇ?

ಕೋನ್: ಇದೆಯೇ ಅಂತೀರಲ್ಲ! ರಾಬಿನ್ ಶಾರ್ಪ್ ಅಂತ ಇಂಗ್ಲೆಂಡಿನ ಎಂಜಿನಿಯರು. 1971ರಲ್ಲೇ ಕೂತು ಸಮೀಕರಣ ಬರೆದು ಇವೆರಡನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದಾರೆ. ಹ್ಯಾಂಡಲೂ ಮುಂದಿನ ಚಕ್ರವೂ ಮಾತ್ರ ಚುರುಕಾಗಿ ನಡುಗಿದರೆ ಅದು ವಾಬಲ್. ಸೆಕೆಂಡಿಗೆ ಹೆಚ್ಚುಕಮ್ಮಿ 4ರಿಂದ 10 ಸಲ. ಇಡೀ ಗಾಡಿ ಹಾವಿನ ಹಾಗೆ ಹೊರಳಿದರೆ ಅದು ವೀವ್. ಅದು ನಿಧಾನ, ಸೆಕೆಂಡಿಗೆ ಎರಡೋ ಮೂರೋ ಸಲ, ಸ್ಪೀಡ್ ಏರಿದಷ್ಟೂ ಜೋರು. ಮೊದಲನೆಯದರಲ್ಲಿ ನನ್ನ ಹೆಸರು ಎಳೆದು ತಂದರೆ ಒಪ್ಕೋತೀನಿ, ವಿಚಾರಣೆಗೆ ಬರ್ತೀನಿ. ಎರಡನೆಯದಕ್ಕೆ ನನ್ನನ್ನು ಕಿತ್ತು ಹಾಕೋದು ಅಂದ್ರೆ, ಅಡುಗೆಮನೆ ಸೋರುತ್ತೆ ಅಂತ ಮುಂಬಾಗಿಲು ಬದಲಾಯಿಸಿದ ಹಾಗೆ.

ಪ್ರಶ್ನೆ: ನನ್ನದು ಎರಡನೆಯದಿರಬಹುದು. ಆದರೂ ಕೈಗೆ ಗೊತ್ತಾಗಿದ್ದು ಹ್ಯಾಂಡಲ್‌ನಲ್ಲಿ.

ಕೋನ್: ಕೈ ಇರೋದು ಅಲ್ಲೇ, ಗೊತ್ತಾಗೋದೂ ಅಲ್ಲೇ. ಇದೇ ನಮ್ಮ ದುರಂತ ನೋಡಿ. ಹಿಂದಿನ ಟೈರು ಮಧ್ಯದಲ್ಲಿ ಸವೆದು ಚಪ್ಪಟೆ ಆಗಿರುತ್ತೆ. ಸ್ವಿಂಗ್ ಆರ್ಮ್ ಬುಷ್ ತಿಂದುಹೋಗಿ ಹಿಂದಿನ ಚಕ್ರ ತನಗೆ ತೋಚಿದ ಕಡೆ ಮುಖ ಮಾಡಿರುತ್ತೆ. ಚೈನ್ ಬಿಗಿ ಮಾಡಿದವನು ಎಡಗಡೆ ಅಡ್ಜಸ್ಟರನ್ನು ಮೂರನೇ ಗೆರೆಗೆ, ಬಲಗಡೆಯದನ್ನು ನಾಲ್ಕನೇ ಗೆರೆಗೆ ಬಿಟ್ಟು ಟೀ ಕುಡಿಯೋಕೆ ಹೋಗಿರ್ತಾನೆ. ಇಷ್ಟೂ ಹಿಂದೆ ನಡೆಯುತ್ತೆ. ಸಸ್ಪೆಂಡ್ ಆಗೋದು ಮುಂದಿರೋ ನಾನು. ಸೀಟಿನ ಹಿಂದೆ ಒಂದು ಪೆಟ್ಟಿಗೆ ಕಟ್ಟಿಸಿದ್ದೀರಲ್ಲ, ಅದರಲ್ಲಿ ಏನಿದೆ?

ಪ್ರಶ್ನೆ: ಲ್ಯಾಪ್‌ಟಾಪು, ರೈನ್‌ಕೋಟು, ಊರಿಂದ ತಂದ ಎರಡು ಲೀಟರ್ ಕೊಬ್ಬರಿ ಎಣ್ಣೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೋನ್: ಹಿಂದಿನ ಆಕ್ಸಲ್ ದಾಟಿ, ಎತ್ತರದಲ್ಲಿ, ತೂಕ ನೇತು ಹಾಕಿದ್ದೀರಿ. ಹಿಂದೆ ಭಾರ ಜಾಸ್ತಿ ಆದಷ್ಟೂ ಮುಂದಿನ ಚಕ್ರ ಹಗುರ. ಹಗುರಾದ ಚಕ್ರಕ್ಕೆ ರಸ್ತೆ ಮೇಲೆ ಹಿಡಿತ ಕಮ್ಮಿ. ಸಾಲದ್ದಕ್ಕೆ ಆ ಪೆಟ್ಟಿಗೆ ಗಾಳಿಗೂ ಎದೆ ಕೊಡುತ್ತೆ. ಕೊಬ್ಬರಿ ಎಣ್ಣೆನ ಟ್ಯಾಂಕ್ ಮೇಲೆ ಇಟ್ಟು ಒಂದು ಸಲ ಅದೇ ರಸ್ತೆಯಲ್ಲಿ ಹೋಗಿ ನೋಡಿದ್ರೆ ನನ್ನ ಕೇಸು ಅರ್ಧ ಅಲ್ಲೇ ಖುಲಾಸೆ ಆಗ್ತಿತ್ತು. ದುಡ್ಡು ಖರ್ಚಾಗದ ಪರೀಕ್ಷೆ ಅಲ್ವಾ, ಅದಕ್ಕೇ ಯಾರೂ ಮಾಡಲ್ಲ.

ಪ್ರಶ್ನೆ: ಆದರೆ ಕೆಲವರದು ಅರವತ್ತರಲ್ಲೇ ನಡುಗುತ್ತದಂತೆ. ಎಂಬತ್ತಕ್ಕೆ ಹೋದರೆ ನಿಂತುಬಿಡುತ್ತದಂತೆ.

ಕೋನ್: ಅಂಥವರಿಗೆ ಟೈರು ನೋಡಿ ಅಂತ ಹೇಳಿ. ಹದಿನೇಳು ಇಂಚಿನ ಚಕ್ರ ಒಂದು ಸುತ್ತು ಹಾಕಿದ್ರೆ ಎರಡು ಮೀಟರಿಗೆ ಕೊಂಚ ಕಮ್ಮಿ ದೂರ. ಅರವತ್ತರಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ಹೊಡೆಯುತ್ತೆ. ಹ್ಯಾಂಡಲಿಗೆ ತಾನಾಗಿ ಅಲ್ಲಾಡೋ ಚಟ ಇರೋದೂ ಅದೇ ಆಸುಪಾಸಿನಲ್ಲಿ. ಟೈರಲ್ಲಿ ಒಂದು ಉಬ್ಬು, ರಿಮ್ಮಲ್ಲಿ ಒಂದು ಸೊಟ್ಟ, ಬ್ಯಾಲೆನ್ಸ್‌ನಲ್ಲಿ ಒಂದಿಷ್ಟು ಏರುಪೇರು ಇದ್ರೆ ಸುತ್ತಿಗೊಂದು ತಳ್ಳು ಸಿಗುತ್ತೆ. ಎರಡರ ತಾಳ ಕೂಡಿದಾಗ ಕುಣಿತ ಶುರು. ಎಂಬತ್ತಕ್ಕೆ ಹೋದ್ರೆ ತಾಳ ತಪ್ಪುತ್ತೆ, ಕುಣಿತ ನಿಲ್ಲುತ್ತೆ. ‘ಸ್ಪೀಡಾಗಿ ಹೋದ್ರೆ ಸರಿ ಹೋಗುತ್ತೆ’ ಅಂತ ಆ ಮಹಾಶಯರು ಸ್ಪೀಡಾಗೇ ಹೋಗ್ತಾ ಇರ್ತಾರೆ.

ಪ್ರಶ್ನೆ: ಹಾಗಾದರೆ ನೀವು ಸಂಪೂರ್ಣ ನಿರಪರಾಧಿ ಅನ್ನಿ.

ಕೋನ್: ಹಾಗೆಂದೆನಾ? ನಾನು ಹಾಳಾಗ್ತೀನಿ. ಅದರಲ್ಲೂ ಕೆಳಗಿನವನಾದ ನಾನು ಮೊದಲು ಹಾಳಾಗ್ತೀನಿ. ಭಾರ ಬೀಳೋದು ನನ್ನ ಮೇಲೆ, ಗುಂಡಿಯ ಏಟು ನನಗೆ, ಮುಂದಿನ ಚಕ್ರ ಎರಚೋ ಕೆಸರು ನನಗೆ. ವಾಟರ್ ಸರ್ವಿಸ್ ಹುಡುಗ ಪ್ರೆಶರ್ ಪೈಪ್ ತಂದು ಫಳಫಳ ಮಾಡೋ ನೆಪದಲ್ಲಿ ನನ್ನ ಕೊರಳಿಗೇ ನೀರು ಬಿಡ್ತಾನೆ. ಗ್ರೀಸು ಹೋಗುತ್ತೆ, ತುಕ್ಕು ಬರುತ್ತೆ. ಹೆದ್ದಾರಿಯಲ್ಲಿ ಹ್ಯಾಂಡಲ್ ನೇರಕ್ಕೇ ಇರುತ್ತಲ್ಲ, ಹಾಗಾಗಿ ಗುಂಡುಗಳು ಕೂತ ಜಾಗದಲ್ಲೇ ಕುಟ್ಟಿ ಕುಟ್ಟಿ ಬಟ್ಟಲಲ್ಲಿ ಕುಳಿ ಮಾಡ್ತವೆ. ಮೇಲಿನವರು ಸ್ಪೀಡೋಮೀಟರ್ ಪಕ್ಕ, ಮಾಲೀಕರ ಕಣ್ಣಿನ ಮುಂದೆ ಇರ್ತಾರೆ. ಬದಲಾವಣೆ ಅಂದ್ರೆ ಮೊದಲು ಅವರದೇ, ಸುಲಭಕ್ಕೆ ಬಿಚ್ಚಬಹುದಲ್ಲ. ನಾನು ಕಂಬಕ್ಕೆ ಕಚ್ಚಿಕೊಂಡಿರ್ತೀನಿ. ನನ್ನನ್ನು ಎಬ್ಬಿಸಕ್ಕೆ ಮೈಮುರಿದು ಕೆಲಸ ಮಾಡಬೇಕು. ಎಷ್ಟೋ ಗಾಡಿಗಳಲ್ಲಿ ಮೇಲಿನವರು ಹೊಸಬರು, ಕೆಳಗೆ ನನ್ನ ಹಾಗೆ ಒಬ್ಬ ಹಳಬ. ಬಿಲ್ಲಿನಲ್ಲಿ ಮಾತ್ರ ಪೂರ್ತಿ ಸೆಟ್.

ಪ್ರಶ್ನೆ: ನೀವು ಹಾಳಾಗಿದ್ದೀರೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಕೋನ್: ಜೋಡಿ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಒತ್ತಿ ಹಿಡಿಯೋಕೆ ಹೇಳಿ, ಮುಂದಿನ ಚಕ್ರ ನೆಲ ಬಿಡಲಿ. ಫೋರ್ಕಿನ ಕಾಲುಗಳ ಬುಡ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳನ್ನು ಚಾಸಿ ಕೊರಳಿಗೂ ಕಂಬಕ್ಕೂ ನಡುವಿನ ಸಂದಿನ ಮೇಲೆ ಇಡಿ. ‘ಟಕ್’ ಅಂತ ಅಲ್ಲಿ ಬೆರಳಿಗೆ ತಾಗಿದ್ರೆ ನಾನು ಸಡಿಲ. ಅಲ್ಲಿ ಏನೂ ತಾಗದೆ ಕೆಳಗೆಲ್ಲೋ ‘ಟಕ್’ ಅಂದ್ರೆ ಅದು ಫೋರ್ಕಿನ ಬುಷ್, ನಾನಲ್ಲ. ಆಮೇಲೆ ಒಂದೇ ಬೆರಳಲ್ಲಿ ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ನಡುವೆ ಸರಿಯಾಗಿ ನೇರಕ್ಕೆ ಬಂದಾಗ ಕುಳಿಗೆ ಬಿದ್ದ ಹಾಗೆ ಹಿಡಿದು ನಿಂತ್ರೆ ನನ್ನ ಆಯಸ್ಸು ಮುಗಿದಿದೆ. ಗೌರವದಿಂದ ಬೀಳ್ಕೊಡಿ. ಬಿಗಿ ಮಾಡಿ ಇನ್ನೊಂದು ವರ್ಷ ದುಡಿಸೋಣ ಅಂತ ಮಾತ್ರ ಬೇಡ.

ಪ್ರಶ್ನೆ: ಬಿಗಿ ಮಾಡಿದರೆ ನಡುಕ ನಿಲ್ಲುತ್ತದಲ್ಲ?

ಕೋನ್: ಕೆಲವು ಸಲ ನಿಂತ ಹಾಗೆ ಕಾಣುತ್ತೆ. ಜೊತೆಗೆ ಗಾಡಿ ನೇರ ಹೋಗೋದೂ ನಿಲ್ಲುತ್ತೆ. ಓಡೋ ಗಾಡಿ ತನ್ನನ್ನು ತಾನೇ ನೇರ ಇಟ್ಟುಕೊಳ್ಳೋಕೆ ಕ್ಷಣಕ್ಷಣಕ್ಕೂ ಹ್ಯಾಂಡಲನ್ನು ಚೂರು ಚೂರು ತಿರುಗಿಸ್ತಾ ಇರುತ್ತೆ. ನನ್ನ ಕತ್ತು ಹಿಸುಕಿದ್ರೆ ಅದಕ್ಕೆ ಆ ಸ್ವಾತಂತ್ರ್ಯ ಇಲ್ಲ. ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ ಹೋಗುವಾಗ ಕುಡಿದವರ ಹಾಗೆ ವಾಲಾಡುತ್ತೆ. ಪೊಲೀಸಿನವರು ಊದಿಸಿ ನೋಡ್ತಾರೆ.

ಪ್ರಶ್ನೆ: ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಎಂದು ಸ್ನೇಹಿತರು ಹೇಳುತ್ತಿದ್ದಾರೆ.

ಕೋನ್: ರೇಸಿನ ಗಾಡಿಗೆ ಒಳ್ಳೇದು. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಹ್ಯಾಂಡಲ್ ಮಧ್ಯದಲ್ಲೇ ಒಂದು ತಿರುಪಿನ ಗುಂಡಿ ಇರ್ತಿತ್ತು, ಬೇಕಾದಷ್ಟು ಬಿಗಿ ಮಾಡ್ಕೋಬಹುದಿತ್ತು. ಆದರೆ ಅದೇ ಶಾರ್ಪ್ ಸಾಹೇಬರ ಲೆಕ್ಕದಲ್ಲಿ ಇನ್ನೊಂದು ವಿಷಯ ಇದೆ: ಡ್ಯಾಂಪರ್ ವಾಬಲನ್ನು ತಗ್ಗಿಸುತ್ತೆ, ವೀವನ್ನು ಹೆಚ್ಚಿಸುತ್ತೆ. ಕಾಯಿಲೆ ಯಾವುದು ಅಂತ ಗೊತ್ತಿಲ್ಲದೆ ಮಾತ್ರೆ ನುಂಗಿದವರಿಗೆ ಎರಡನೇದೇ ಇದ್ರೆ ಏನು ಗತಿ?

ಪ್ರಶ್ನೆ: ರಸ್ತೆಯಲ್ಲೇ ನಡುಕ ಶುರುವಾದರೆ ಏನು ಮಾಡಬೇಕು?

ಕೋನ್: ನೀವೇನು ಮಾಡಿದ್ರಿ?

ಪ್ರಶ್ನೆ: ಎಲ್ಲರೂ ಮಾಡುವುದನ್ನೇ. ಹ್ಯಾಂಡಲನ್ನು ಗಟ್ಟಿಯಾಗಿ ಅದುಮಿ ಹಿಡಿದೆ.

ಕೋನ್: ಅದುಮಿದ್ರೆ ನಿಮ್ಮ ತೋಳೂ ಆ ಕುಣಿತಕ್ಕೆ ಸೇರ್ಕೊಳ್ಳುತ್ತೆ. ಕೈ ಸಡಿಲ ಬಿಡಿ, ಬಿಟ್ಟೇಬಿಡಬೇಡಿ. ಮಂಡಿಯಲ್ಲಿ ಟ್ಯಾಂಕ್ ಒತ್ತಿ ಹಿಡಿದು ಮೈಯನ್ನು ಮುಂದಕ್ಕೆ ತನ್ನಿ. ಥ್ರಾಟಲ್ ಮೆಲ್ಲಗೆ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಜಗ್ಗಬೇಡಿ. ಇನ್ನೊಂದು ಮಾತು, ಇದನ್ನು ಹೇಳೋರು ಕಮ್ಮಿ: ಜೋರಾದ ನಡುಕದಲ್ಲಿ ಡಿಸ್ಕು ಅತ್ತಿತ್ತ ಹೊಡೆದು ಬ್ರೇಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿಬಿಟ್ಟಿರುತ್ತೆ. ನಡುಕ ನಿಂತು, ಉಸಿರು ಬಂದು, ನೀವು ಬ್ರೇಕ್ ಹಿಡಿದ್ರೆ ಲಿವರ್ ಪೂರ್ತಿ ಹಿಡಿಕೆಗೆ ಬಂದು ತಾಗುತ್ತೆ. ಎರಡು ಮೂರು ಸಲ ಒತ್ತಿ ಬಿಟ್ಟು ಮಾಡಿದ್ರೆ ಮತ್ತೆ ಬರುತ್ತೆ. ತಿರುವಿಗೆ ಮುಂಚೆ ಒತ್ತಿ ನೋಡಿರಬೇಕು ಅಷ್ಟೇ.

ಪ್ರಶ್ನೆ: ಗ್ಯಾರೇಜಿನವರ ಬಗ್ಗೆ ತುಂಬ ಕಟುವಾಗಿ ಮಾತಾಡಿದಿರಿ.

ಕೋನ್: ಅವರದೇ ತಪ್ಪು ಅಂತಿಲ್ಲ. ನೀವು ಬಂದು ‘ಏನಾದ್ರೂ ಮಾಡಿ, ಸಂಜೆ ಗಾಡಿ ಬೇಕು’ ಅಂತೀರಿ. ಒಂದೊಂದಾಗಿ ನೋಡಬೇಕು, ಗಾಳಿ, ಟೈರು, ಚಕ್ರದ ಸಾಲು, ಬುಷ್ಷು, ಆಮೇಲೆ ನಾನು. ಒಂದನ್ನು ಸರಿ ಮಾಡಿ ಅದೇ ರಸ್ತೆಗೆ ಹೋಗಿ ನೋಡಿ ಬಂದು ಇನ್ನೊಂದಕ್ಕೆ ಕೈ ಹಾಕಬೇಕು. ಅಷ್ಟು ಹೊತ್ತಿಗೆ ಯಾರು ಕೂಲಿ ಕೊಡ್ತೀರಿ? ನೋಡಿದ್ದಕ್ಕೆ ಕಾಸು ಕೊಡೋ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಬದಲಾಯಿಸಿದ್ದಕ್ಕಾದ್ರೆ ಕೊಡ್ತೀರಿ, ಹಳೇ ಪಾರ್ಟನ್ನು ಕವರಿನಲ್ಲಿ ಹಾಕಿಸ್ಕೊಂಡು ಮನೆಗೂ ಒಯ್ತೀರಿ.

(ಅಷ್ಟರಲ್ಲಿ ಹುಡುಗ ಹೊಸ ಕೋನ್ ಸೆಟ್ ಕೂರಿಸಿ, ಗಾಡಿ ಏರಿ, ಟ್ರಯಲ್ ನೋಡಿ ಬರುತ್ತೇನೆಂದು ಹೋದವನು ಒಂದು ಟೀ ತಣ್ಣಗಾಗುವಷ್ಟರಲ್ಲಿ ವಾಪಸ್ ಬಂದ.)

ಹುಡುಗ: ಸೂಪರ್ ಆಗಿದೆ ಸಾರ್. ಬೆಣ್ಣೆ. ಒಂಚೂರೂ ಅಲ್ಲಾಡಲ್ಲ.

ಪ್ರಶ್ನೆ: ಎಷ್ಟು ಸ್ಪೀಡಿನಲ್ಲಿ ನೋಡಿದೆ?

ಹುಡುಗ: ನಲವತ್ತರ ತನಕ ಬಿಟ್ಟೆ ಸಾರ್. ಮುಂದೆ ಹಂಪ್ ಇತ್ತು.

ಕೋನ್: ಹಿಂದಿನ ಟೈರಿನ ಗಾಳಿ ನೋಡಿದ್ದಾನಾ ಕೇಳಿ.

ಹುಡುಗ: ಗಾಳಿನಾ? ಅದು ನಮ್ದಲ್ಲ ಸಾರ್. ಎದುರುಗಡೆ ಪಂಕ್ಚರ್ ಅಂಗಡಿಯವನ್ದು.