ಕಪ್ಪಿನ ಲೆಕ್ಕ

ಅಭಿಮಾನಿ ಬಳಗವೆಂದರೆ ಕ್ರಿಕೆಟ್ ತಂಡವೊಂದರ ಸೋಲು ಗೆಲುವುಗಳನ್ನು ತನ್ನವೆಂದೇ ಭಾವಿಸಿ, ಆ ಭಾವನೆಯಲ್ಲಿ ಯಾರಿಗೆ ಪಾಲುಂಟೆಂಬುದನ್ನೂ ತಾನೇ ನಿರ್ಣಯಿಸುವ ಸಮೂಹವಾಗಿದ್ದು, ಉಪ್ಪಿನಬೆಟಗೇರಿಯ ಚಹಾದಂಗಡಿಯೊಂದರಲ್ಲಿ ಅಂಥ ಬಳಗದ ಅಧ್ಯಕ್ಷನಿಗೂ ಅಂಗಡಿಯ ಅವ್ವನಿಗೂ ನಡೆದ ಸಂವಾದವು ಅದರ ನಿಯಮಗಳನ್ನು ವಿಶದಪಡಿಸುತ್ತದೆ.

ಅಧ್ಯಕ್ಷ: ಐಪಿಎಲ್‌ನ 18ನೇ ಹಂಗಾಮಿನಾಗ, 2025ರ ಜೂನ್ 3ಕ್ಕ, ನಮ್ಮ ಬೆಂಗಳೂರಿನ ತಂಡ ಆರ್‌ಸಿಬಿಗೆ ಮೊದಲನೇ ಕಪ್ ಬಂತು ನೋಡ್ರಿ ಯವ್ವಾ.

ಅವ್ವ: ಮತ್ತ 2024ರ ಮಾರ್ಚ್ 17ಕ್ಕ ದಿಲ್ಲಿಯೊಳಗ ಆರ್‌ಸಿಬಿ ನಾಯಕಿ ಸ್ಮೃತಿ ಮಂಧಾನಾ ಎತ್ತಿದ್ದು ಚಹಾದ ಕಪ್ಪೇನಪಾ?

ಅಧ್ಯಕ್ಷ: ಅದು ಡಬ್ಲ್ಯುಪಿಎಲ್, ಅಂದರ ಹೆಣ್ಮಕ್ಕಳ ಲೀಗು; ಲೆಕ್ಕಕ್ಕ ಹಿಡಿಯಂಗಿಲ್ಲ.

ಅವ್ವ: ಆ ಫೈನಲ್‌ನಾಗ ನಾಕು ವಿಕೆಟ್ ಕಿತ್ತ ಶ್ರೇಯಾಂಕಾ ಪಾಟೀಲ ನಮ್ಮ ಕರ್ನಾಟಕದಾಕಿ ಅಲ್ಲೇನು?

ಅಧ್ಯಕ್ಷ: ನಮ್ಮಾಕಿನ ಖರೆ, ಆದರ ಮ್ಯಾಚ್ ಮುಗಿಯೂದ್ರಾಗ ರಾತ್ರಿ ಆಗತೈತಿ ಅಂತ, ಬಳಗದಾಗ ಹೆಣ್ಮಕ್ಕಳಿಗೆ ಸದಸ್ಯತ್ವ ಕೊಡದ, ಅವರ ಹಿತಕ್ಕಂತನ ಉಪ್ಪಿಟ್ಟಿನ ಖಾತೆ ಕೊಟ್ಟೀವಿ.

ಬಳಗದ ಕೋಣೆಯಲ್ಲಿ, 2013ರ ಏಪ್ರಿಲ್ 23ರಂದು ಆರ್‌ಸಿಬಿ ಪರ ಔಟಾಗದೆ 175 ರನ್ ಬಾರಿಸಿದ ಜಮೈಕಾದ ಕ್ರಿಸ್ ಗೇಲ್‌ನ ಚಿತ್ರಕ್ಕೆ ಹಾಲಿನ ಅಭಿಷೇಕ ನಡೆಯುತ್ತಿದ್ದರೆ, ಶತಮಾನಗಳ ಹಿಂದೆ ಆಫ್ರಿಕದಿಂದ ಬಂದು ಕನ್ನಡ ನೆಲದಲ್ಲೇ ನೆಲೆಸಿದ ಸಿದ್ದಿ ಸಮುದಾಯದ ಯುವಕನೊಬ್ಬನು ಅರ್ಜಿ ಹಿಡಿದು ಹೊರಗೆ ನಿಂತಿದ್ದನು.

ಅವ್ವ: ಆ ಹುಡುಗನ ಅರ್ಜಿ ಏನಾತು?

ಅಧ್ಯಕ್ಷ: ಯಾವ ದೇಶ ಅಂತ ಕೇಳಿದ್ವಿ, ಹಳಿಯಾಳ ಅಂದ, ಪಾಸ್‌ಪೋರ್ಟ್ ತಾ ಅಂದೀವಿ.

ಅವ್ವ: ಗೇಲ್‌ನ ಪಾಸ್‌ಪೋರ್ಟ್ ನೋಡೀರೇನು?

ಅಧ್ಯಕ್ಷ: ಅಯ್ಯ ಯವ್ವಾ, ಅಂವ ನಮ್ಮಾಂವ!

ಅವ್ವ: ಹಂಗಾದ್ರ ಹಳಿಯಾಳ ಹೊಡದು ಜಮೈಕಾ ಅಂತ ಬರಕೊಂಡು ಬಾ ಅಂತ ಹೇಳ್ತೀನಿ, ಅಭಿಷೇಕದ ಹಾಲು ಒಂದೀಟು ಉಳಸಪಾ, ಚಹಾಕ್ಕ ಬೇಕು.