ಹೊಳಲ್ಕೆರೆಯ ಯಾಂಗ್‌ಬಾನ್

ಸಂಜೆ ಏಳಾದರೆ ನಮ್ಮ ನಡುಮನೆಯಲ್ಲಿ ಕೊರಿಯಾದ ರಾಜರ ಕಾಲ ಶುರು. ಮಗಳು ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಧಾರಾವಾಹಿ ಹಚ್ಚುತ್ತಾಳೆ. ಹೆಂಡತಿ ಶೇಂಗಾ ಸುಲಿಯುತ್ತ ಕೂರುತ್ತಾಳೆ. ನಮ್ಮವ್ವನಿಗೆ ಭಾಷೆಯ ಹಂಗಿಲ್ಲ. ಅತ್ತೆ ಯಾರು, ಸೊಸೆ ಯಾರು ಎಂದು ಮೊದಲ ನೋಟಕ್ಕೇ ಹೇಳಿಬಿಡುತ್ತಾಳೆ.

ನನ್ನ ಕಣ್ಣೆಲ್ಲ ಮನೆಯ ಯಜಮಾನನ ಮೇಲೆ. 1392ರಿಂದ 1910ರವರೆಗಿನ ಜೋಸೋನ್ ಆಳ್ವಿಕೆಯಲ್ಲಿ ಇಂಥ ಮೇಲ್ವರ್ಗದವರಿಗೆ ಯಾಂಗ್‌ಬಾನ್ ಎನ್ನುತ್ತಿದ್ದರು. ತಲೆಗೆ ಕುದುರೆಕೂದಲಿನ ಕರಿ ಟೋಪಿ, ಗಂಡಸರಿಗೇ ಪ್ರತ್ಯೇಕ ಹೊರಚಾವಡಿ. ಹಿರಿಯರು ಚಮಚ ಎತ್ತುವ ತನಕ ಉಳಿದವರು ತುತ್ತು ಮುಟ್ಟುವಂತಿಲ್ಲ. ಕಸುಬು? ಓದುವುದು. ಪೇಪರಿನ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವ ನನಗಿಂತ ಅರ್ಹ ಈ ತಾಲ್ಲೂಕಿನಲ್ಲಿ ಇನ್ಯಾರಿದ್ದಾರೆ?

ಅಂದು ರಾತ್ರಿಯೇ ಜಾರಿಗೆ ತಂದೆ. "ನಾನು ಮುದ್ದೆ ಮುರಿಯೋ ತನಕ ಯಾರೂ ಮುರೀಬ್ಯಾಡಿ."

"ಮನೀಗೆ ಹಿರೇಳು ನಾನಲ್ವೇನಪ್ಪ," ಎಂದ ಅವ್ವ ಬಸ್ಸಾರಿನಲ್ಲಿ ತುತ್ತು ಅದ್ದಿ ಗುಳುಕ್ಕೆಂದು ನುಂಗಿದಳು. ಕೊರಿಯಾದ ಕಾನೂನೂ ಅವಳ ಕಡೆಗೇ ಇತ್ತು.

ಮಗಳು ಸುಮ್ಮನಿರಲಿಲ್ಲ, ಪಾರ್ಕ್ ಜಿ-ವೊನ್ (1737–1805) ಬರೆದ ಯಾಂಗ್‌ಬಾನ್ ಕಥೆಯನ್ನು ಹುಡುಕಿ ತೆಗೆದಳು. ನಮ್ಮ ದುರ್ಗದ ಕೋಟೆ 1779ರಲ್ಲಿ ಹೈದರಾಲಿ ಪಾಲಾದ ಮರುವರ್ಷ ಚೀನಾ ಯಾತ್ರೆಗೆ ಹೊರಟಿದ್ದ ಪುಣ್ಯಾತ್ಮ ಇವನು. ಕಥೆಯ ಯಾಂಗ್‌ಬಾನ್ ಸರ್ಕಾರದ ದವಸ ಸಾಲ ತಂದು ತಿಂದು, ಓದಿಕೊಂಡೇ ಕೂತಿರುತ್ತಾನೆ. ನಿನ್ನ ಓದು ಕಾಸಿಗೂ ಬಾರದು ಎಂದು ಹೆಂಡತಿ ಉಗಿಯುತ್ತಾಳೆ. (ಈ ಭಾಗವನ್ನು ನಮ್ಮನೆಯವಳು ಎರಡು ಸಲ ಓದಿಸಿದಳು.) ಊರಿನ ಸಾಹುಕಾರನೊಬ್ಬ ಸಾಲ ತೀರಿಸಿ ಆ ಪದವಿಯನ್ನೇ ಕೊಂಡುಕೊಳ್ಳುತ್ತಾನೆ. ಪತ್ರದಲ್ಲಿ ಷರತ್ತೋ ಷರತ್ತು: ಕೈಯಲ್ಲಿ ದುಡ್ಡು ಮುಟ್ಟಬಾರದು, ಅಕ್ಕಿ ಧಾರಣೆ ಕೇಳಬಾರದು, ಎಂಥ ಸೆಕೆಯಲ್ಲೂ ಕಾಲುಚೀಲ ಬಿಚ್ಚಬಾರದು.

ಕಾಲುಚೀಲ ನಮ್ಮ ಬಯಲುಸೀಮೆಗೆ ಆಗಿಬರದು. ಏಪ್ರಿಲ್ಲಿನಲ್ಲಿ ನಾನು ಬನಿಯನ್ನನ್ನೂ ಬಿಚ್ಚಿ ಕೂರುವವನು. ಧಾರಣೆ ಕೇಳದಿರುವುದು ಮಾತ್ರ ಘನತೆಯ ವಿಷಯ ಅನ್ನಿಸಿತು. ಸಂತೆಯಲ್ಲಿ ಈರುಳ್ಳಿ ರಾಶಿಯ ಮುಂದೆ ಮಾತಿಲ್ಲದೆ ಚೀಲ ಒಡ್ಡಿದೆ. ಮಾರುವವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾವೂರ ಸಾವ್ಕಾರ್ರು?" ಎಂದ. ತಳದಲ್ಲಿ ಮೊಳಕೆ ಬಂದಿದ್ದನ್ನೆಲ್ಲ ಆರಿಸಿ ಆರಿಸಿ ತುಂಬಿದ, ತನಗೆ ತೋಚಿದ ರೇಟು ಹಾಕಿದ.

ಹೆಂಡತಿ ಚೀಲ ಮೊರಕ್ಕೆ ಸುರುವಿ ನೋಡಿದಳು, ಏನೂ ಅನ್ನಲಿಲ್ಲ. ಜೋಸೋನ್ ಮನೆಗಳಲ್ಲಿ ಕಣಜದ ಬೀಗದಕೈ ಅತ್ತೆಯಿಂದ ಸೊಸೆಗೆ ಬರುತ್ತಿತ್ತಂತೆ, ಚಾವಡಿಯ ಯಜಮಾನನ ಕೈಗಲ್ಲ. ನಮ್ಮ ಬೀರುವಿನದೂ ಅದೇ ದಾರಿಯಲ್ಲಿ ಬಂದು ಈಗ ಅವಳ ಸೊಂಟದಲ್ಲಿದೆ. ಮರುದಿನ ಬೈಕಿಗೆ ಪೆಟ್ರೋಲ್ ಹಾಕಿಸಲು ಇನ್ನೂರು ರೂಪಾಯಿ ಕೇಳಿದೆ.

"ಯಾಂಗ್‌ಬಾನರು ದುಡ್ಡು ಮುಟ್ಟಂಗಿಲ್ಲ ಅಲ್ವೇನ್ರೀ?" ಎಂದಳು.