ಜೂನ್ ಒಂದರ ಜಡ್ಜ್ ಸಾಹೇಬರು

ಮಲ್ಕಾಜ್‌ಗಿರಿಯ ಆನಂದಬಾಗ್ ಕಡೆ ನಾನು ಬಾಡಿಗೆಗಿರುವ ಮನೆಯ ಕೆಳಗಡೆ ಒಬ್ಬ ಕಾಕಾ ಇದ್ದಾರೆ. ಇಂಥ ಕಾಕಾ ನಿಮ್ಮ ಬೀದಿಯಲ್ಲೂ ಇರುತ್ತಾರೆ. ನಿಮ್ಮವರು ಕ್ರಿಕೆಟ್ ನೋಡುತ್ತಿರಬಹುದು, ನಮ್ಮವರದು ಫುಟ್‌ಬಾಲ್, ಅಷ್ಟೇ. ಊರು ಹುಮನಾಬಾದ್ ತಾಲ್ಲೂಕು. ದಕ್ಷಿಣ ಮಧ್ಯ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದು ನಿವೃತ್ತರಾದವರು. 2022ರಲ್ಲಿ ರೈಲ್ವೆಯವರು ಗಾರ್ಡ್ ಎಂಬ ಹೆಸರನ್ನೇ ತೆಗೆದು ‘ಟ್ರೇನ್ ಮ್ಯಾನೇಜರ್’ ಎಂದು ಇಟ್ಟಾಗ ಮೂರು ದಿನ ಕುದಿದರು. “ನಾವು ಮೂವತ್ತು ವರ್ಷ ಬಾವುಟ ಬೀಸಿದ್ರೂ ಗಾರ್ಡೇ. ನಿನ್ನೆ ಮೊನ್ನೆ ಬಂದ ಹುಡುಗ್ರು ಮ್ಯಾನೇಜರ್!” ಅವರ ಫುಟ್‌ಬಾಲ್ ವಿಮರ್ಶೆ ಶುರುವಾಗುವುದೂ ಇದೇ ಸ್ಟೇಷನ್ನಿನಿಂದ.

ಪಂದ್ಯ ಶುರುವಾಗುವ ಮೊದಲು ಕಾಕಾ ಒಂದು ಪ್ರಮಾಣ ವಚನ ಸ್ವೀಕರಿಸುತ್ತಾರೆ. “ನಾ ಯಾರ ಪಕ್ಷಾನೂ ಅಲ್ಲ ನೋಡ್ರಿ. ನ್ಯಾಯದ ಮಾತ ಹೇಳ್ತೀನಿ.” ಈ ವಾಕ್ಯ ಕಿವಿಗೆ ಬಿದ್ದ ಕೂಡಲೇ ಕಾಕು ಅಡುಗೆಮನೆಯಲ್ಲಿ ಮಿಕ್ಸಿ ಹಾಕುತ್ತಾರೆ. ರುಬ್ಬುವುದು ಏನೂ ಇಲ್ಲದಿದ್ದರೂ ಹಾಕುತ್ತಾರೆಂದು ನನ್ನ ಗುಮಾನಿ.

ನ್ಯಾಯ ಹೀಗೆ. ಹಿರಿಯ ಆಟಗಾರ ಚೆಂಡನ್ನು ಹಿಂದಕ್ಕೆ ಕೊಟ್ಟರೆ ಅದು ತಾಳ್ಮೆ. ಹುಡುಗ ಹಿಂದಕ್ಕೆ ಕೊಟ್ಟರೆ ಪುಕ್ಕಲುತನ. ಹಿರಿಯ ಒದ್ದ ಚೆಂಡು ಗೋಲಿನ ಪಕ್ಕದಲ್ಲಿ ಹತ್ತು ಮೊಳ ದೂರ ಹೋದರೆ, “ಗಾಳಿ ತಿರುಗ್ತು.” ಹುಡುಗನದು ಕಂಬಕ್ಕೆ ತಾಗಿ ಬಂದರೆ, “ಕಣ್ಣ ಎಲ್ಲಿ ಇಟ್ಟಾನ?” ಹಿರಿಯ ಜೊತೆಗಾರರ ಮೇಲೆ ಕೂಗಾಡಿದರೆ ನಾಯಕತ್ವ, ಹುಡುಗ ಕೂಗಾಡಿದರೆ ಸೊಕ್ಕು. ಹಿರಿಯ ಓಡದೆ ನಿಂತಿದ್ದರೆ ಜಾಗ ಹಿಡಿದು ಆಡುತ್ತಿದ್ದಾನೆ. ಹುಡುಗ ನಿಂತಿದ್ದರೆ ಮನೆಯಲ್ಲಿ ಕೂಳು ಹೆಚ್ಚಾಗಿದೆ.

ಇದಕ್ಕೆ ಎದುರು ವಕೀಲ ಅವರ ಮೊಮ್ಮಗ. ಇಂಟರ್ ಓದುವ ಹುಡುಗ. ಮೂವತ್ತು ದಾಟಿದ ಯಾವ ಆಟಗಾರನನ್ನೂ ಮನುಷ್ಯನೆಂದು ಪರಿಗಣಿಸುವುದಿಲ್ಲ. 2024ರ ಯೂರೋ ಸೆಮಿಫೈನಲ್ಲಿನಲ್ಲಿ, ಹದಿನೇಳು ತುಂಬಲು ನಾಲ್ಕು ದಿನ ಬಾಕಿ ಇರುವಾಗ ಸ್ಪೇನಿನ ಲಮೀನ್ ಯಮಾಲ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದನಲ್ಲ, ಅವತ್ತಿನಿಂದ ಈ ಹುಡುಗನ ತಲೆ ನೆಲದ ಮೇಲಿಲ್ಲ. ಅದೇ ಯೂರೋದಲ್ಲಿ 39ರ ರೊನಾಲ್ಡೊ ಒಂದೂ ಗೋಲು ಹೊಡೆಯದೆ ಮನೆಗೆ ಹೋದಾಗ ಅವನ ತೀರ್ಪು ಒಂದೇ ಪದ: “ವಾಷ್ಡ್.” ಅಡುಗೆಮನೆಯಿಂದ ಕಾಕು, “ಯಾವ ಬಟ್ಟಿ?” ಎಂದರು. ಇಡೀ ಟೂರ್ನಿಯಲ್ಲಿ ನನಗೆ ನೆನಪಿರುವ ಅತ್ಯುತ್ತಮ ಕಾಮೆಂಟರಿ ಅದು.

ಕಾಕಾ ಸೋಲುವವರಲ್ಲ. 35ರಲ್ಲಿ ವಿಶ್ವಕಪ್ ಎತ್ತಿದ ಮೆಸ್ಸಿಯನ್ನು ಎದುರಿಗಿಟ್ಟರು. ಮೊಮ್ಮಗ, “ಅವನ ಬದಲು ಓಡಿದ್ದು ಯಾರು? ಹುಡುಗರು,” ಎಂದ. ಓಡುವವರೆಲ್ಲ ಆಟಗಾರರಾಗುವುದಾದರೆ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ದಿನಾ ಲಕ್ಷ ಜನ ಆಟಗಾರರು ಎಂದು ಕಾಕಾ ವಾದ ಮುಗಿಸಿದರು.

ಆದರೆ ಇವರ ಹೃದಯ ಇರುವುದು ಯೂರೋಪಿನಲ್ಲಲ್ಲ. ಮಲ್ಕಾಜ್‌ಗಿರಿಯಿಂದ ಬೊಲಾರಂ ಕಡೆಗೆ ಹೋಗುವ ಲೈನಿನಲ್ಲಿ ದಯಾನಂದ ನಗರ, ಸಫಿಲ್‌ಗುಡ, ರಾಮಕೃಷ್ಣಾಪುರಂ ಗೇಟ್ ದಾಟಿದರೆ ಅಮ್ಮುಗುಡ ಎಂಬ ಪುಟ್ಟ ಸ್ಟೇಷನ್ ಸಿಗುತ್ತದೆ. ತುಳಸಿದಾಸ್ ಬಲರಾಂ ಅಲ್ಲಿಯವರು. ಇಪ್ಪತ್ತರ ಆಸುಪಾಸಿನಲ್ಲಿ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದವರು. ಭಾರತ ಅಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1960ರ ರೋಮ್‌ನಲ್ಲಿ ಹಂಗೇರಿಗೂ ಪೆರುವಿಗೂ ಗೋಲು ಹೊಡೆದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಇವರನ್ನು ಹುಡುಕಿ ತಂದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅಭ್ಯಾಸಕ್ಕೆ ಬರಲು ಕಾಸಿಲ್ಲವೆಂದ ಹುಡುಗನಿಗೆ ಸೈಕಲ್ ಬಾಡಿಗೆಯನ್ನೂ ಅವರೇ ಕೊಡುತ್ತಿದ್ದರಂತೆ. “ಈಗಿನ ಹುಡುಗ್ರಿಗೆ ಬೂಟಿಗೇ ಇಪ್ಪತ್ತು ಸಾವಿರ ಬೇಕು,” ಎನ್ನುವುದು ಕಾಕಾನ ಅಡಿಟಿಪ್ಪಣಿ. 2024ರಲ್ಲಿ ರಹೀಂ ಸಾಹೇಬರ ಮೇಲೆ ‘ಮೈದಾನ್’ ಸಿನಿಮಾ ಬಂದಾಗ ನಾವೆಲ್ಲ ಒಟ್ಟಿಗೆ ಹೋಗಿದ್ದೆವು. ಪರದೆಯ ಮೇಲೆ ಬಲರಾಂ ಪಾತ್ರ ಬಂದಾಗಲೆಲ್ಲ, “ಇಂವ ನಮ್ಮ ಅಮ್ಮುಗುಡದವ” ಎಂದು ಹಿಂದಿನ ಸಾಲಿನವರಿಗೆ ತಿರುಗಿ ತಿಳಿಸುತ್ತಿದ್ದರು. ಮೂರನೆಯ ಸಲಕ್ಕೆ ಹಿಂದಿನ ಸಾಲು, “ಮಾಲೂಮ್ ಹೈ ಚಾಚಾ,” ಎಂದಿತು.

“ಬಲರಾಂನ ಆಟ ಕಣ್ಣಾರೆ ನೋಡೀನಿ ನಾ” ಎಂಬುದು ಕಾಕಾನ ಮಾತು. ಇಲ್ಲಿ ಒಂದು ಲೆಕ್ಕದ ತೊಂದರೆಯಿದೆ. ರಹೀಂ ಸಾಹೇಬರು ತೀರಿಕೊಂಡದ್ದು 1963ರ ಜೂನಿನಲ್ಲಿ. ಬಲರಾಂ ಕೂಡ ಶ್ವಾಸಕೋಶದ ಕಾಯಿಲೆಯಿಂದ ಅದೇ ವರ್ಷ ಆಟ ಬಿಟ್ಟರು. ಕಾಕಾನ ನಿವೃತ್ತಿಯ ಕಾಗದದಲ್ಲಿರುವ ಹುಟ್ಟಿದ ದಿನಾಂಕ ಹಿಡಿದರೆ, ಆಗ ಅವರು ಹುಮನಾಬಾದಿನ ಕಡೆ ಒಂದನೆಯ ಇಯತ್ತೆಯಲ್ಲಿ ಸ್ಲೇಟು ಒಡೆಯುತ್ತಿರಬೇಕು. ಇದನ್ನು ನಾನು ಒಮ್ಮೆ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ನಿನ್ನ ಹುಟ್ಟಿದಬ್ಬ ಯಾವಾಗ?”

“ನವೆಂಬರ್.”

“ನಂದು ಜೂನ್ ಒಂದು. ನಮ್ಮ ಕ್ಲಾಸಿನಾಗ ಇಪ್ಪತ್ತೆಂಟು ಮಂದಿ, ಇಪ್ಪತ್ತೆಂಟೂ ಮಂದಿ ಜೂನ್ ಒಂದಕ್ಕೇ ಹುಟ್ಟೀವಿ. ಹೆಡ್‌ಮಾಸ್ತರು ಬರಕೊಂಡ್ರು, ನಾವು ಹುಟ್ಟಿದ್ವಿ. ಖರೇ ವಯಸ್ಸು ಬ್ಯಾರೇನೇ ಅದಾ.”

ಅಂದರೆ ಕಾಕಾನ ಬಳಿ ಎರಡು ವಯಸ್ಸುಗಳಿವೆ. ರಿಕಾರ್ಡಿನದು ಚಿಕ್ಕದು, ಪೆನ್ಷನ್ನಿಗೆ ಮತ್ತು ಡಾಕ್ಟರ ಮುಂದೆ ಬಳಸುವುದು. ಖರೇದು ದೊಡ್ಡದು, ಬಲರಾಂನ ಆಟ ನೋಡಲು ಮತ್ತು ವಾದದಲ್ಲಿ ಹಿರಿತನ ಪಡೆಯಲು. ಎಷ್ಟು ದೊಡ್ಡದೆಂಬುದು ವಾದದ ಅಗತ್ಯದ ಮೇಲೆ ಹೋಗುತ್ತದೆ. ವಯೋಮಿತಿಯ ಟೂರ್ನಿಗಳಿಗೆ ನಮ್ಮ ಫುಟ್‌ಬಾಲ್ ಒಕ್ಕೂಟದವರು ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆಂದು ಮೊಮ್ಮಗ ಹೇಳಿದಾಗ ಮಾತ್ರ ಕಾಕಾ ಕೈಯನ್ನು ಶಾಲಿನೊಳಕ್ಕೆ ಎಳೆದುಕೊಂಡರು.

ಅಂದಹಾಗೆ, ಬಲರಾಂ ಆಟ ಬಿಟ್ಟಾಗ ಮೂವತ್ತೂ ಆಗಿರಲಿಲ್ಲ. ಅಂದರೆ ಕಾಕಾನ ಪರಮ ಪೂಜ್ಯ ‘ಹಿರಿಯ’ ಆಟಗಾರ ಹಿರಿಯನಾಗಿ ಒಂದು ದಿನವೂ ಆಡಿದವನಲ್ಲ, ಆಡಿದ್ದೆಲ್ಲ ಹುಡುಗನಾಗಿಯೇ. ಈ ಮಾತನ್ನು ನಾನು ಕಾಕಾನಿಗೆ ಹೇಳಿಲ್ಲ. ಬಾಡಿಗೆ ಮನೆ ಸಿಗುವುದು ಕಷ್ಟ.

ಕಾಕಾನ ನ್ಯಾಯಾಲಯದ ದೊಡ್ಡ ಮೊಕದ್ದಮೆಯೆಂದರೆ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿಯದು. 2015ರ ಡಿಸೆಂಬರ್ 20, ಗೋವಾದ ಫತೋರ್ಡಾ. ಐಎಸ್‌ಎಲ್ ಫೈನಲ್, ಎಫ್‌ಸಿ ಗೋವಾ ಮತ್ತು ಚೆನ್ನೈಯಿನ್. ಗೋವಾ ಕೊನೆಯ ನಿಮಿಷಗಳಲ್ಲಿ 2–1ರಿಂದ ಮುಂದಿತ್ತು. ತೊಂಬತ್ತನೆಯ ನಿಮಿಷದಲ್ಲಿ ಚೆಂಡು ಕಟ್ಟಿಮನಿಯ ಕೈತಪ್ಪಿ ತನ್ನದೇ ಗೋಲಿಗೆ ಹೋಯಿತು, ಮರುಗಳಿಗೆಯಲ್ಲಿ ಮೆಂಡೋಜ ಇನ್ನೊಂದು ಹೊಡೆದ, ಕಪ್ ಚೆನ್ನೈಗೆ. ಅದೇ ಪಂದ್ಯದಲ್ಲಿ ಕಟ್ಟಿಮನಿ ಒಂದು ಪೆನಾಲ್ಟಿ ತಡೆದಿದ್ದ. ಅದು ಯಾರಿಗೂ ನೆನಪಿಲ್ಲ. ಅವನಿಗೆ ಆಗ 26. ಕಾಕಾನ ತೀರ್ಪು: “ಹುಡುಗಾಟ. ಗೋವಾದ ಹುಡುಗ್ರು ಹಂಗೇ. ಸಮುದ್ರದ ದಂಡೀ ಮ್ಯಾಲ ಬೆಳದವ್ರು.”

2022ರ ಮಾರ್ಚ್ 20. ಅದೇ ಫತೋರ್ಡಾ, ಅದೇ ಕಟ್ಟಿಮನಿ, ಮತ್ತೊಂದು ಫೈನಲ್. ಈಗ ಅವನು ನಮ್ಮ ಹೈದರಾಬಾದ್ ಎಫ್‌ಸಿಯ ಕೀಪರ್, ಎದುರಿಗೆ ಕೇರಳ ಬ್ಲಾಸ್ಟರ್ಸ್. ವಯಸ್ಸು 32. ಪಂದ್ಯಕ್ಕೆ ಮೊದಲೇ ಕಾಕಾ ವರದಿ ಕೊಟ್ಟರು: “ಇಂವಗ ವಯಸ್ಸಾತು. ಕೀಪರ್ ಅಂದ್ರ ಚಿಗರಿ ಹಂಗ ಹಾರಬೇಕು. ಹುಡುಗನ್ನ ಹಾಕಬೇಕಿತ್ತು.” ಹಿರಿಯರ ಪಕ್ಷದವರು ಹೀಗೆ ಮಾತಾಡಬಹುದೇ ಎಂದು ಮೊಮ್ಮಗ ಆಕ್ಷೇಪ ಎತ್ತಿದ. ಕಾಕಾ ಕಾನೂನಿನ ಒಳಕಲಮು ತೆಗೆದರು: ಮುಂದಿನ ಸಾಲಿನವರಿಗೆ ಅನುಭವ, ಗೋಲಿನವರಿಗೆ ಪ್ರಾಯ.

68ನೆಯ ನಿಮಿಷಕ್ಕೆ ಕೇರಳ ಗೋಲು ಹೊಡೆಯಿತು. ಕಾಕಾ ನನ್ನ ಕಡೆ ನೋಡಿ ಹುಬ್ಬು ಎತ್ತಿದರು, ತಾನೇ ಹೊಡೆದಂತೆ. 88ನೆಯ ನಿಮಿಷಕ್ಕೆ ಸಾಹಿಲ್ ತವೋರಾ ಸರಿಗಟ್ಟಿದ. ಹೆಚ್ಚುವರಿ ಸಮಯವೂ ಮುಗಿಯಿತು. ಪೆನಾಲ್ಟಿ ಶುರುವಾಗುವ ಹೊತ್ತಿಗೆ ಕಾಕಾ ಬಿಪಿ ಎಂದು ಹೇಳಿ ಬಾಲ್ಕನಿಗೆ ಹೋಗಿ ಮಲ್ಕಾಜ್‌ಗಿರಿ ಸ್ಟೇಷನ್ನಿನ ಕಡೆ ಮುಖ ಮಾಡಿ ನಿಂತರು. ಒಳಗಿನಿಂದ ನಾವು ಕೂಗುತ್ತಿದ್ದೆವು. ಮೊದಲನೆಯದು ತಡೆದ. ಇನ್ನೊಂದು ತಡೆದ, ಕೀಪರ್ ಗೆರೆ ಬಿಟ್ಟು ಬಂದನೆಂದು ರೆಫರಿ ಅದನ್ನು ಮತ್ತೆ ಹೊಡೆಸಿದ, ಅದನ್ನೂ ತಡೆದ. ಮತ್ತೂ ಒಂದು ತಡೆದ. 3–1. ಹೈದರಾಬಾದ್ ಮೊದಲ ಬಾರಿ ಚಾಂಪಿಯನ್.

ಬಾಲ್ಕನಿಯಿಂದ ಬಂದ ಕಾಕಾ ಸೋಫಾದ ಮೇಲೆ ಕೂತು, ಕನ್ನಡಕ ಒರೆಸಿಕೊಂಡು, ತೀರ್ಪು ತಿದ್ದಿದರು. “ನೋಡಿದ್ಯಾ? ಅನುಭವ! ಹುಡುಗ ಆಗಿದ್ರ ಇಷ್ಟೊತ್ತಿಗೆ ನಡುಗಿ ಹೋಗ್ತಿದ್ದ.” ಸ್ವಲ್ಪ ತಡೆದು, “ಹೆಸರು ನೋಡು. ಕಟ್ಟಿಮನಿ! ಗೋವಾದಾಗ ಹುಟ್ಟಿದ್ರ ಏನಾತು? ಬಸವರಾಜ ಕಟ್ಟಿಮನಿ ಅಂತ ಬೆಳಗಾವಿ ಕಡೆ ಕಾದಂಬರಿಕಾರ ಇದ್ರು, ಅದೇ ಹೆಸರು. ನಮ್ಮ ಮಂದಿ.” ಸೋತಾಗ ಸಮುದ್ರದ ದಂಡೆಯ ಹುಡುಗ, ಗೆದ್ದಾಗ ಕೃಷ್ಣೆಯ ಈಚೆಯ ಹಿರಿಯ. ಆರೇ ವರ್ಷದಲ್ಲಿ ವಯಸ್ಸೂ ಊರೂ ಎರಡೂ ಬದಲಾದವು. ಬೆಳಗಾವಿ ಕೃಷ್ಣೆಯ ಯಾವ ಕಡೆ ಎಂದು ನಾನು ಕೇಳಲು ಹೋಗಲಿಲ್ಲ.

ಅದೇ ವರ್ಷ ಅದೇ ತಂಡದಲ್ಲಿ ನೈಜೀರಿಯದ ಬಾರ್ತಲೋಮ್ಯೂ ಒಗ್ಬೆಚೆ 37ರಲ್ಲಿ 18 ಗೋಲು ಹೊಡೆದು ಲೀಗಿಗೇ ಮೊದಲಿಗನಾದ. ಕಾಕಾ ಕುಣಿದಾಡಿದರು. ಮೊಮ್ಮಗ ಫೋನು ತೆಗೆದು ತೋರಿಸಿದ: ಇದೇ ಒಗ್ಬೆಚೆ 2002ರ ವಿಶ್ವಕಪ್ ಆಡಿದ್ದು 17ರ ವಯಸ್ಸಿನಲ್ಲಿ. “ಅವತ್ತು ನಿಮ್ಮ ಕೈಯಲ್ಲಿ ಸಿಕ್ಕಿದ್ರೆ ಇವನನ್ನ ಬೆಂಚಿನ ಮೇಲೆ ಕೂರಿಸ್ತಿದ್ರಿ, ಅಜ್ಜಾ.” ಕಾಕಾ ಆ ದಿನ ಬೇಗ ಮಲಗಿದರು.

2023–24ರಲ್ಲಿ ಇನ್ನೊಂದು ಕಥೆ. ಕ್ಲಬ್ಬಿಗೆ ಹಣದ ಮುಗ್ಗಟ್ಟು, ಸಂಬಳ ಬಾಕಿ. ಹೆಸರಿದ್ದವರು, ವಿದೇಶದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಉಳಿದವರು ಬಹುಪಾಲು ಹುಡುಗರು. 22 ಪಂದ್ಯ, ಒಂದೇ ಗೆಲುವು, 8 ಅಂಕ, ಕೊನೆಯ ಸ್ಥಾನ. ವರ್ಷವಿಡೀ ಹುಡುಗರನ್ನು ಬಯ್ಯಲು ಇದಕ್ಕಿಂತ ಫಸಲು ಬೇಕೇ? ಆದರೆ ಕಾಕಾ ಬಯ್ಯಲಿಲ್ಲ. ಕಾಕು ಒಂದು ದಿನ ಟಿವಿ ನೋಡುತ್ತ, “ದೊಡ್ಡವ್ರೆಲ್ಲಾ ಬಿಟ್ಟು ಹೋಗ್ಯಾರ, ಮನಿ ಸಣ್ಣವ್ರ ಮ್ಯಾಲ ಬಿದ್ದದ. ಪಾಪ, ಊಟ ಮಾಡ್ಯಾವೋ ಇಲ್ಲೋ,” ಎಂದಿದ್ದರು. ಆಮೇಲೆ ಕಾಕಾ ಮೊಮ್ಮಗನನ್ನೂ ನನ್ನನ್ನೂ ಎಳೆದುಕೊಂಡು ಊರಿನ ಆ ತುದಿಯ ಗಚ್ಚಿಬೌಲಿ ಸ್ಟೇಡಿಯಮ್ಮಿಗೆ ಹೋಗಿ, ಖಾಲಿ ಕುರ್ಚಿಗಳ ನಡುವೆ ಕೂತು, ಹುಡುಗರು ಥ್ರೋ–ಇನ್ ಸರಿಯಾಗಿ ಎಸೆದರೂ ಚಪ್ಪಾಳೆ ತಟ್ಟುತ್ತಿದ್ದರು. ಯಾಕೆ ಕಾಕಾ ಎಂದರೆ, “ಸಂಬಳ ಇಲ್ಲದ ಡ್ಯೂಟಿ ಮಾಡೋರಿಗೆ ಚಾರ್ಜ್‌ಶೀಟ್ ಕೊಡಬಾರದೋ” ಎಂದರು. ನನಗೆ ಕಂಡಂತೆ ಅವರು ವಯಸ್ಸು ನೋಡದೆ ಆಟ ನೋಡಿದ್ದು ಆ ಒಂದು ಸೀಸನ್.

ಆ ಸೀಸನ್ ಮುಗಿದದ್ದೇ ಹಳೇ ಚಾಳಿ. 2024ರ ಜೂನ್ 6ರಂದು ಸುನಿಲ್ ಚೆಟ್ರಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡಕ್ಕೆ ಕೈಮುಗಿದಾಗ ಕಾಕಾನ ಕಣ್ಣಲ್ಲಿ ನೀರು. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದ್, ಆಡುವುದು ಬೆಂಗಳೂರು ಎಫ್‌ಸಿಗೆ. ಮಲ್ಕಾಜ್‌ಗಿರಿಯ ಕನ್ನಡಿಗನಿಗೆ ಎರಡು ಕಡೆಯಿಂದಲೂ ನಂಟ. “ಬಿಡೋ ಟೈಮಿಗೆ ಬಿಟ್ಟ. ದೊಡ್ಡ ಮನುಷ್ಯ.” 2025ರ ಮಾರ್ಚಿನಲ್ಲಿ, 40 ದಾಟಿದವನನ್ನು ಭಾರತದ ಕೋಚ್ ಮನೊಲೊ ಮಾರ್ಕೆಜ್ ವಾಪಸ್ ಕರೆಸಿದರು. ನಮ್ಮ ಹೈದರಾಬಾದಿಗೆ ಕಪ್ ತಂದುಕೊಟ್ಟ ಅದೇ ಮನೊಲೊ. ಕಾಕಾ ಗರಂ ಆದರು: “ರಿಟೈರ್ ಆದವ್ನ ಮತ್ತ ಡ್ಯೂಟಿಗೆ ಕರೀತಾರೇನು? ನಮ್ಮನ್ಯಾಕ ಕರೀಲಿಲ್ಲ?” ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಚೆಟ್ರಿ ತಲೆ ಕೊಟ್ಟು 95ನೆಯ ಗೋಲು ಹೊಡೆದ ಗಳಿಗೆಯಲ್ಲಿ ಕೋಪವೆಲ್ಲ ಎಲ್ಲಿಗೋ ಹೋಯಿತು. “ಸಿಕಂದರಾಬಾದಿನ ನೀರು ಅದು!” ಎದುರಾಳಿ ಮಾಲ್ಡೀವ್ಸ್ ಎಂದು ಮೊಮ್ಮಗ ನೆನಪಿಸಿದ. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು.

2025 ಮುಗಿಯುವ ಮೊದಲೇ ನಮ್ಮ ಕ್ಲಬ್ಬೂ ಊರು ಬಿಟ್ಟಿತು. ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಮೊಕದ್ದಮೆಗಳಿಲ್ಲದ ಜಡ್ಜ್ ಸಾಹೇಬರು ಈಗ ಸಂಜೆ ಐದಕ್ಕೆ ಕೈಯಲ್ಲಿ ಛತ್ರಿ ಹಿಡಿದು, ರೈಲ್ವೆ ಕ್ವಾರ್ಟರ್ಸ್ ಪಕ್ಕದ ಬಯಲಿಗೆ ಹೋಗಿ ಹುಡುಗರ ಆಟದ ವಿಚಾರಣೆ ನಡೆಸುತ್ತಾರೆ. ಮೊನ್ನೆ ಅಲ್ಲಿ ಒಂದು ಕಡೆಗೆ ಕೀಪರ್ ಇರಲಿಲ್ಲ. ಕಾಕಾನೇ ಛತ್ರಿ ನನ್ನ ಕೈಗೆ ಕೊಟ್ಟು, ಎರಡು ಇಟ್ಟಿಗೆಗಳ ನಡುವೆ ಹೋಗಿ ನಿಂತರು. ಮೊದಲ ಚೆಂಡು ಎದೆಗೆ ಬಂತು, ಹಿಡಿದರು. ಎರಡನೆಯದು ಎರಡು ಕಾಲಿನ ನಡುವೆ ಹೋಯಿತು. “ಚೆಂಡಿನಾಗ ಗಾಳಿ ಕಡಿಮಿ ಅದಾ,” ಎಂದರು ನನ್ನ ಕಡೆ ತಿರುಗಿ.

ಹೊಡೆದ ಹುಡುಗ, ಹತ್ತು ಹನ್ನೊಂದರವನು, ಚೆಂಡು ತರಲು ಓಡುತ್ತ ಕೇಳಿದ: “ಅಂಕುಲ್, ಮೀ ಏಜ್ ಎಂತ?”

ಕಾಕಾ ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ಯೋಚಿಸಿದರು.

“ಕೌನ್ಸಾ ಹೋನಾ ಬೇಟಾ? ರಿಕಾರ್ಡ್ ವಾಲಾ, ಕೀ ಅಸ್ಲೀ?”